ಎರಡು ಲೋಟ ಎಣ್ಣೆ

ಅಳತೆಯ ಲೋಟ ಜಿಡ್ಡಾಗಿತ್ತು.

ಒರೆಸಿ ಒಳಗಿಡೋಣವೆಂದು ಕಿಟಕಿಯ ಕಟ್ಟೆಯಿಂದ ಕೈಗೆತ್ತಿಕೊಂಡವಳು ಅಲ್ಲೇ ನಿಂತುಬಿಟ್ಟಳು. ಬೆರಳು ಜಾರಿತು. ಮೂಗಿನ ಹತ್ತಿರ ಹಿಡಿದಳು. ಹಿಡಿಯಬೇಕಾದ ಅಗತ್ಯವೇನೂ ಇರಲಿಲ್ಲ, ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಮೂಗಿಗೆ ಹತ್ತಿದ ವಾಸನೆ ಅದು. ಲೋಟದ ಅಂಚಿನಲ್ಲಿ ಒಂದು ಹನಿ ಎಣ್ಣೆ ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ ಕೂತಿತ್ತು. ಅಂದರೆ ಇವತ್ತು ಬೆಳಿಗ್ಗೆಯೂ ಲೋಟಕ್ಕೆ ಎಣ್ಣೆ ಬಿದ್ದಿದೆ. ಲೋಟಕ್ಕೆ ಬಿದ್ದದ್ದು ಕ್ಯಾನಿಗೆ ಹೋಗಿದೆ. ಕ್ಯಾನು ಗಂಡನ ಕೈಯಲ್ಲಿ ದೋಣಿಗೆ ಹೋಗಿದೆ.

"ಅಯ್ಯೋ, ಈ ಹಾಳು ಕೈ!" ಎಂದಳು, ಯಾರೂ ಇಲ್ಲದ ಅಡುಗೆಮನೆಯಲ್ಲಿ.

ಅವಳ ಗಂಡ ಹೊಳೆ ದಾಟಿಸುವ ದೋಣಿಯವನು. ದೋಣಿಗೆ ಎಂಜಿನ್ ಬಂದ ವರ್ಷವೇ ಗಂಡ ಹೆಂಡಿರ ನಡುವೆ ಕೆಲಸ ಹಂಚಿಹೋಗಿತ್ತು. ಹಗ್ಗ ಎಳೆದು ಎಂಜಿನ್ ಎಬ್ಬಿಸುವುದು, ಚುಕ್ಕಾಣಿ ಹಿಡಿಯುವುದು ಅವನದು. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಅವಳದು. ಹತ್ತು ಲೀಟರಿನ ಕ್ಯಾನಿಗೆ ಎರಡು ಲೋಟ. ಹೆಚ್ಚಾದರೆ ಪ್ಲಗ್ಗು ಕರಕಲಾಗುತ್ತದೆ, ಕಡಿಮೆಯಾದರೆ ಎಂಜಿನ್ನೇ ಬಿಗಿದುಕೊಂಡುಬಿಡುತ್ತದೆ. ಶುರುವಿನಲ್ಲಿ ಒಂದು ದಿನ ಅವನೇ ಬೆರೆಸಲು ಕೂತು, ಯಾರ ಜೊತೆಗೋ ಮಾತಾಡುತ್ತಾ ಮಾತಾಡುತ್ತಾ ಐದು ಲೋಟ ಸುರಿದು, ಹೊಳೆಯ ಮೇಲೆ ಮೋಡ ಇಳಿದ ಹಾಗೆ ಹೊಗೆ ಎಬ್ಬಿಸಿದ್ದ. ದೋಣಿಯಲ್ಲಿದ್ದವರೆಲ್ಲ ಕೆಮ್ಮುತ್ತಾ ದಡ ಸೇರಿದ್ದರು. ಅವತ್ತೇ ಲೋಟ ಅವಳ ಕೈಗೆ ಬಂತು. ಅಂದಿನಿಂದ ದಿನವೂ ಅವಳು ಅಳೆದು ಸುರಿದು, ಮುಚ್ಚಳ ಬಿಗಿದು, ಕ್ಯಾನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಗು ತೂಗಿದ ಹಾಗೆ ಇಪ್ಪತ್ತು ಸಲ ಆಚೆಗೊಮ್ಮೆ ಈಚೆಗೊಮ್ಮೆ ತೂಗಿ ಮೆಟ್ಟಿಲ ಪಕ್ಕ ಇಡುವಳು. ಅವನು ಅದರ ಕಡೆ ನೋಡದೆಯೇ ಎತ್ತಿಕೊಂಡು ಹೋಗುವನು. ದೋಣಿ ಕಟ್ಟುವ ಕಡವಿನ ಜನಕ್ಕೆ ಅವಳು ಎಣ್ಣೆಯಮ್ಮ. ಅವಳ ನಿಜವಾದ ಹೆಸರು ಕೇಳಿದರೆ ಎಷ್ಟೋ ಮಂದಿ ತಲೆ ಕೆರೆದುಕೊಂಡಾರು.

ಆದರೆ ಕೆಳಗಿನ ಪೇಟೆಯವರು ಕುಡಿಯುವುದು ಇದೇ ಹೊಳೆಯ ನೀರನ್ನು. ಹೊಗೆ ಉಗುಳುವ, ನೀರಿನ ಮೇಲೆ ಎಣ್ಣೆಯ ಬಣ್ಣ ಬಿಡುವ ಎಂಜಿನ್ ಇನ್ನು ಬೇಡವೆಂದು ಮೇಲಿನ ಅಧಿಕಾರಿಗಳು ತೀರ್ಮಾನ ಮಾಡಿ, ಕಡವಿಗೆ ಹೊಸದೊಂದನ್ನು ಕಳಿಸಿದ್ದರು. ನಿನ್ನೆ ಸಂಜೆ ಫಿಟ್ಟರ್ ಬಂದು ಹಳೆಯದರ ಟ್ಯಾಂಕನ್ನು ಒಂದು ಹನಿ ಬಿಡದೆ ಬರಿದುಮಾಡಿ, ಅದನ್ನು ಕಡವಿನ ಗುಡಿಸಲಿನಲ್ಲಿ ಒರಗಿಸಿದ. ಹೊಸದನ್ನು ದೋಣಿಯ ಹಿಂಬದಿಗೆ ಬಿಗಿದ. ಅದರ ಟ್ಯಾಂಕಿಗೆ ತಾನೇ ತಂದಿದ್ದ ಪೆಟ್ರೋಲು ಒಂದಿಷ್ಟು ಹಾಕಿದ.

"ಅಕ್ಕಾ, ಇದು ಫೋರ್ ಸ್ಟ್ರೋಕು. ಬರೀ ಪೆಟ್ರೋಲು ಹಾಕ್ಬೇಕು. ಎಣ್ಣೆ ಬೆರೆಸಂಗಿಲ್ಲ. ನಿಮಗೆ ನಾಳೆಯಿಂದ ರಜಾ," ಎಂದಿದ್ದ.

"ಮೂವತ್ತು ವರ್ಷಕ್ಕೆ ಸಿಕ್ಕಿರೋ ರಜಾ ಕಣೆ, ಕಾಲು ಚಾಚಿ ಕೂತ್ಕೋ," ಎಂದು ಗಂಡನೂ ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಆಮೇಲೆ ಫಿಟ್ಟರ್ ಏನೇನು ಹೇಳಿದನೋ ಅವಳ ಕಿವಿಗೆ ಹೋಗಲೂ ಇಲ್ಲ.

ಇವತ್ತು ಬೆಳಿಗ್ಗೆ ಆದದ್ದು ಇಷ್ಟೇ. ಎದ್ದು ಒಲೆ ಹಚ್ಚಿ, ಮೆಟ್ಟಿಲ ಮೇಲೆ ಕೂತು, ಇನ್ನು ಮೇಲೆ ಈ ಹೊತ್ತಿಗೆ ತನಗೆ ಮಾಡಲು ಏನೂ ಇಲ್ಲವಲ್ಲ ಎಂದು ಮನಸ್ಸಿನಲ್ಲೇ ಕೊರಗುತ್ತಿದ್ದಳು. ಹಾಗೆ ಕೊರಗುತ್ತಿರುವಾಗ ಅವಳ ಎರಡು ಕೈಗಳು, ಅವಳನ್ನೊಂದು ಮಾತೂ ಕೇಳದೆ, ಆ ಕೆಲಸವನ್ನೇ ಮಾಡಿ ಮುಗಿಸಿದ್ದವು. ಎರಡು ಲೋಟ, ಇಪ್ಪತ್ತು ತೂಗು.

ಗೋಡೆಯ ಗಡಿಯಾರ ನೋಡಿದಳು. ಎಂಟು ಗಂಟೆ ಹೊಡೆದು ಹದಿನೈದು ನಿಮಿಷ. ಮಕ್ಕಳ ದೋಣಿಯ ಹೊತ್ತು. ಆಚೆ ದಡದ ಶಾಲೆಗೆ ಹನ್ನೆರಡು ಮಕ್ಕಳು, ಜೊತೆಗೊಬ್ಬ ಟೀಚರಮ್ಮ. ನಡುಗಡ್ಡೆ ದಾಟಿದ ಮೇಲೆ ಸೆಳೆತ ಜಾಸ್ತಿ; ಅಲ್ಲಿಂದ ಅರ್ಧ ಮೈಲಿ ಕೆಳಗೆ ಒಡ್ಡು. ಒಡ್ಡಿನ ಮೇಲಿಂದ ನೀರು ಬೀಳುವ ಜಾಗದಲ್ಲಿ ಮರದ ದಿಮ್ಮಿ ಬಿದ್ದರೂ ಎರಡು ತುಂಡಾಗಿ ಏಳುತ್ತದೆ. ಹಿಂದೆ ಒಂದು ಸಲ ಎಂಜಿನ್ ಅಲ್ಲೇ ಕೈಕೊಟ್ಟಿತ್ತು. ಆಗ ಅವನು ಹುಟ್ಟು ಹಾಕಿಯೇ ದಡ ಮುಟ್ಟಿಸಿದ್ದ. ಆಗ ಅವನಿಗೆ ಮೂವತ್ತೈದು. ಈಗ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲೇ.

ಒಲೆ ಆರಿಸಿದಳೋ ಇಲ್ಲವೋ, ಲೋಟ ಹಿಡಿದುಕೊಂಡೇ ಹೊರಟಳು.

ಹೊರಗೆ ಎಂದಿನಂತೆ ಮರ ಕೊಯ್ಯುವ ಮಿಲ್ಲಿನ ಸದ್ದು. ಮನೆಯ ಪಕ್ಕದ ಆ ಗರಗಸ ಬೆಳಿಗ್ಗೆ ಏಳಕ್ಕೆ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಹೊಳೆಯ ಮೇಲೆ ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯುವ ಹಾಗಿರಲಿಲ್ಲ. ಕಡವಿನ ದಾರಿಯ ತಿರುವಿನಲ್ಲಿ ನಿಂತು ನೋಡಿದರೆ ನೀರು ಖಾಲಿ. ನಡುಗಡ್ಡೆಯ ಜೊಂಡು ಮಾತ್ರ ತೂಗುತ್ತಿತ್ತು. ದೋಣಿ ಅದರ ಹಿಂದಕ್ಕೆ ಹೋಗಿಯಾಗಿದೆ. ಮಂಡಿ ನೋವನ್ನು ಮರೆತು ಅವಳು ಫಿಟ್ಟರಿನ ಶೆಡ್ಡಿನ ಕಡೆಗೆ ಓಡಿದಳು.

ಫಿಟ್ಟರನ್ನು ಊರೆಲ್ಲ ನಿಧಾನಿ ಎಂದು ಕರೆಯುತ್ತಿತ್ತು. ಕೈ ಚುರುಕು, ಮಾತು ಮಾತ್ರ ನಿಧಾನ. ಪ್ರಶ್ನೆ ಕೇಳಿದರೆ ಮೊದಲು ಕೈ ಒರೆಸಿಕೊಳ್ಳುತ್ತಿದ್ದ, ಆಮೇಲೆ ಆಕಾಶ ನೋಡುತ್ತಿದ್ದ, ಕೇಳಿದವರು ಪ್ರಶ್ನೆ ಮರೆಯುವ ಹೊತ್ತಿಗೆ ಉತ್ತರ ಬರುತ್ತಿತ್ತು. ಈಗ ಅವನು ಸ್ಟೂಲಿನ ಮೇಲೆ ಕೂತು ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ಹರಡಿಕೊಂಡಿದ್ದ.

"ತಮ್ಮಾ, ಎಣ್ಣೆ ಹಾಕ್ಬಿಟ್ಟೆ ಕಣೋ!"

ಗರಗಸದ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಿತು. "ಏನು, ತಲೆಗಾ?"

"ನನ್ನ ತಲೆಗೆ ಹಾಕಿದ್ರೆ ಇಲ್ಲಿಗ್ಯಾಕೆ ಓಡಿ ಬರ್ತಿದ್ದೆ? ಕ್ಯಾನಿಗೆ! ಹೊಸ ಎಂಜಿನ್ನಿನ ಪೆಟ್ರೋಲಿಗೆ! ಮಕ್ಕಳನ್ನ ಹತ್ತಿಸ್ಕೊಂಡು ಹೋಗಿದ್ದಾರೆ!"

ನಿಧಾನಿ ಚಿಂದಿ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿದ.

"ಎಷ್ಟು ಹಾಕಿದ್ರಿ?"

"ಎರಡು ಲೋಟ."

"ಹತ್ತು ಲೀಟರಿಗಾ?"

"ಹೂಂ ಕಣಪ್ಪಾ, ಹೂಂ."

"ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿದ್ದೀನಾ ನಾನು? ಎಂಜಿನ್ ನಿಲ್ಲುತ್ತಾ, ನಿಲ್ಲಲ್ವಾ, ಅದೊಂದು ಹೇಳು. ಆಮೇಲೆ ಬೇಕಾದ್ರೆ ವರ್ಷಗಟ್ಟಲೆ ಕೂತಿರ್ತೀನಿ."

ಅವನು ಒಮ್ಮೆ ಆಕಾಶ ನೋಡಿದ. ಲೋಟ ಎತ್ತಿ ಅವನ ತಲೆಗೆ ಕುಕ್ಕಬೇಕೆನ್ನಿಸಿತು ಅವಳಿಗೆ.

"ನಿಲ್ಲಲ್ಲ," ಎಂದ.

"ನಿಲ್ಲಲ್ವಾ?"

"ನಿಲ್ಲಲ್ಲ ಅಕ್ಕಾ. ಒಂದಿಷ್ಟು ಹೊಗೆ ಬರುತ್ತೆ. ಪ್ಲಗ್ಗು ಮಸಿ ಹಿಡಿಯುತ್ತೆ. ಸಾಯಂಕಾಲ ಟ್ಯಾಂಕು ಖಾಲಿ ಮಾಡಿ, ಪ್ಲಗ್ಗು ಉಜ್ಜಿ ಹಾಕಿದ್ರೆ ಮುಗೀತು. ದಿನಾ ಹಾಕ್ಬೇಡಿ ಅಷ್ಟೇ. ಒಂದು ದಿನಕ್ಕೆ ಏನೂ ಆಗಲ್ಲ."

ಅವಳು ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತಳು. ಸ್ವಲ್ಪ ಹೊತ್ತು ಉಸಿರಾಡುವುದೊಂದೇ ಕೆಲಸವಾಯಿತು. ಉಸಿರು ಹದಕ್ಕೆ ಬಂದ ಮೇಲೆ ಕೋಪ ಬಂತು.

"ಮತ್ತೆ ನಿನ್ನೆ ಯಾಕೆ ಹಾಗೆ ಹೆದರಿಸ್ದೆ? ಬೆರೆಸಂಗಿಲ್ಲ, ಬೆರೆಸಂಗಿಲ್ಲ ಅಂತ?"

"ಹೆದರಿಸಲಿಲ್ಲ, ಹೇಳ್ದೆ. ನೀವು ಕೇಳಿಸ್ಕೊಳ್ಳಲಿಲ್ಲ. ಮುಖ ಆ ಕಡೆ ತಿರುಗಿಸ್ಕೊಂಡು ಕೂತಿದ್ರಿ."

ಅದು ನಿಜವೇ ಆಗಿತ್ತು. ನಿಧಾನಿ ಎದ್ದು ಹಲಗೆಯ ಮೇಲಿಂದ ತುಕ್ಕು ಹಿಡಿದ ಸಿಲಿಂಡರೊಂದನ್ನು ತಂದು ಅವಳ ತೊಡೆಯ ಮೇಲಿಟ್ಟ. ಒಳಗೆ ಬೆರಳಾಡಿಸಲು ಹೇಳಿದ. ನುಣುಪಾದ ಗೋಡೆ, ಗೋಡೆಯಲ್ಲಿ ಅಲ್ಲಲ್ಲಿ ತೂತು.

"ನಿಮ್ಮ ಹಳೇದರ ಹೊಟ್ಟೆ ಹೀಗೇ. ಬಾಗಿಲಿಲ್ಲ, ಬರೀ ತೂತು. ಪಿಸ್ಟನ್ನು ಮೇಲೆ ಹೋಗ್ತಾ, ಮೇಲಿರೋದನ್ನ ಅದುಮುತ್ತೆ. ಅದೇ ಹೊತ್ತಿಗೆ ಹೊಸ ಪೆಟ್ರೋಲು, ಗಾಳಿ, ಎರಡನ್ನೂ ಕೆಳಗಡೆ ಪೆಟ್ಟಿಗೆಗೆ ಎಳ್ಕೊಳ್ಳುತ್ತೆ. ಕಿಡಿ ಬೀಳುತ್ತೆ, ಧಡ್ ಅಂತ ಕೆಳಗೆ ಬರುತ್ತೆ. ಬರ್ತಾ ಬರ್ತಾ ಈ ತೂತು ತೆರೀತು, ಹೊಗೆ ಆಚೆ. ಆ ತೂತು ತೆರೀತು, ಹೊಸದು ಒಳಗೆ. ಮೇಲೊಂದು ಸಲ, ಕೆಳಗೊಂದು ಸಲ, ಆಯ್ತು. ಸುತ್ತಿಗೊಂದು ಏಟು."

"ಅದಕ್ಕೇ ಆ ಪಾಟಿ ಗಲಾಟೆ."

"ಅದಕ್ಕೇ. ಹಗುರ, ಜೋರು, ಬಿಚ್ಚೋಕೂ ಸುಲಭ. ಆದರೆ ಉಣ್ಣೋದೂ ಉಗುಳೋದೂ ಒಟ್ಟೊಟ್ಟಿಗೆ. ಒಂದಷ್ಟು ತುತ್ತು ನುಂಗೋಕೆ ಮೊದಲೇ ಆಚೆ ಹೋಗ್ಬಿಡುತ್ತೆ. ನೀರಿನ ಮೇಲೆ ಬಣ್ಣ ಕಾಣ್ತಿರಲಿಲ್ವಾ? ಹೊಸದು ಹಾಗಲ್ಲ, ಮರ್ಯಾದಸ್ಥ. ಮೊದಲನೇ ಸಲ ಕೆಳಗೆ ಬಂದು ಎಳ್ಕೊಳ್ಳುತ್ತೆ, ಮೇಲೆ ಹೋಗಿ ಅದುಮುತ್ತೆ, ಸುಟ್ಟು ಕೆಳಗೆ ಬರುತ್ತೆ, ಮತ್ತೆ ಮೇಲೆ ಹೋಗಿ ಹೊಗೆ ದಬ್ಬುತ್ತೆ. ಎರಡು ಸುತ್ತಿಗೆ ಒಂದೇ ಏಟು. ಬರೋಕೊಂದು ಬಾಗಿಲು, ಹೋಗೋಕೊಂದು ಬಾಗಿಲು. ತೂಕ ಜಾಸ್ತಿ, ಸಾಮಾನು ಜಾಸ್ತಿ, ಆದರೆ ಕಡಿಮೆ ಕುಡಿಯುತ್ತೆ, ಮೆಲ್ಲಗೆ ಮಾತಾಡುತ್ತೆ."

"ಅದಕ್ಕೆ ಎಣ್ಣೆ ಬೇಡ್ವೇ ಬೇಡ್ವಾ ಹಾಗಾದ್ರೆ?"

"ಎಣ್ಣೆ ಬೇಡದ ಎಂಜಿನ್ ಎಲ್ಲಿದೆ ಅಕ್ಕಾ? ಇದರದು ತಳದಲ್ಲಿ ಬೇರೆ ಇರುತ್ತೆ, ಅಲ್ಲೇ ಸುತ್ತುತ್ತೆ. ನಿನ್ನೆ ನಾನೇ ತುಂಬಿದ್ದು. ಹಳೇದಕ್ಕೆ ತಳದಲ್ಲಿ ಎಣ್ಣೆ ಇಡೋಕಾಗಲ್ಲ, ಪೆಟ್ರೋಲು ಹಾಯೋದೇ ಆ ದಾರಿ. ಅದಕ್ಕೇ ಊಟದ ಜೊತೆಗೇ ಎಣ್ಣೆ ಹೋಗ್ಬೇಕು. ಇಷ್ಟು ವರ್ಷ ನೀವು ಮಾಡ್ತಿದ್ದಿದ್ದು ಅದೇ." ಅವನು ಸಿಲಿಂಡರನ್ನು ವಾಪಸು ತೆಗೆದುಕೊಂಡ. "ಉಲ್ಟಾ ಆಗಿದ್ದಿದ್ರೆ ಮಾತ್ರ ನಾನು ಹೀಗೆ ಕೂತಿರ್ತಿರಲಿಲ್ಲ. ಹಳೇದಕ್ಕೆ ಏನಾದ್ರೂ ಬರೀ ಪೆಟ್ರೋಲು ಹೋಯ್ತು ಅಂದ್ಕೊಳ್ಳಿ, ನಡುಗಡ್ಡೆ ದಾಟೋ ಹೊತ್ತಿಗೆ ಪಿಸ್ಟನ್ನು ಗೋಡೆ ಕಚ್ಕೊಂಡ್ಬಿಡುತ್ತೆ. ಆಮೇಲೆ ಹಗ್ಗ ಎಳೆದ್ರೆ ಹಗ್ಗ ಕೈಗೆ ಬರುತ್ತೆ."

ಅವಳು ತಲೆಯಾಡಿಸಿದಳು. ಮೂವತ್ತೊಂದು ವರ್ಷ ಮಾಡಿದ ಕೆಲಸದ ಅರ್ಥ ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಇಂದು ತಿಳಿದು ಸಂತೋಷವೇ ಆಯಿತು. ಎದ್ದು ಹೊರಡಬೇಕು, ಒಲೆ ಏನಾಯಿತೋ ನೋಡಬೇಕು ಎಂದುಕೊಳ್ಳುವಷ್ಟರಲ್ಲಿ ಗರಗಸ ನಿಂತಿತು. ಮಿಲ್ಲಿನವರ ಟೀ ಹೊತ್ತು. ಗಾಳಿ ಒಮ್ಮೆಗೇ ತೊಳೆದ ಹಾಗಾಗಿ, ದೂರದ ಸದ್ದುಗಳೆಲ್ಲ ಹತ್ತಿರ ಬಂದವು. ಯಾರದೋ ಮನೆಯ ಬಕೆಟ್ಟು, ನಾಯಿ, ಸೈಕಲ್ಲಿನ ಗಂಟೆ.

ಹೊಳೆಯ ಕಡೆಯಿಂದ ಇನ್ನೊಂದು ಸದ್ದು.

ಟರ್ರರ್ರ್‌ ಎಂದು ಒಂದೇ ಸಮನೆ, ಮಧ್ಯೆ ಮಧ್ಯೆ ಕೆಮ್ಮು ಬಂದ ಹಾಗೆ. ನಿದ್ದೆಯಲ್ಲಿ ಕೇಳಿದರೂ ಅವಳು ಗುರುತು ಹಿಡಿದಾಳು.

ನಿಧಾನಿಯ ಕೈಯಿಂದ ಸಿಲಿಂಡರ್ ಜಾರಿ ನೆಲಕ್ಕೆ ಬಿತ್ತು. "ಅದು ಹಳೇದಲ್ವಾ!" ಎಂದ. ಅವನು ಅಷ್ಟು ಬೇಗ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. "ನಿನ್ನೆ ಒಣಗಿಸಿಟ್ಟಿದ್ದೆ. ಎಲ್ಲಿಂದ ಪೆಟ್ರೋಲು ಹಾಕಿದ್ರು? ಬರೀ ಪೆಟ್ರೋಲಿನ ಕ್ಯಾನು ಸುರಿದ್ಬಿಟ್ರಾ ಯಜಮಾನ್ರು?"

ಉತ್ತರಕ್ಕೆ ಕಾಯದೆ ಓಡಿದ. ಅವಳೂ ಓಡಿದಳು. ಏನೂ ಯೋಚಿಸುವ ಹಾಗಿರಲಿಲ್ಲ. ನಡುಗಡ್ಡೆ, ಸೆಳೆತ, ಒಡ್ಡು, ಮೇಲೇಳದ ಭುಜ, ಇಷ್ಟೇ ಕಣ್ಣ ಮುಂದೆ. ತಿರುವು ದಾಟಿದಾಗ ಜೊಂಡಿನ ಹಿಂದಿನಿಂದ ದೋಣಿಯ ಮೂತಿ ಕಂಡಿತು, ಹಿಂದೆ ನೀಲಿ ಹೊಗೆಯ ಬಾಲ. ಆ ಹೊಗೆಯನ್ನು ಕಂಡದ್ದೇ ಅವಳ ಕಾಲು ನಿಂತಿತು. ಕೈಯಲ್ಲಿದ್ದ ಲೋಟವನ್ನು ಒಮ್ಮೆ ನೋಡಿದಳು.

"ತಮ್ಮಾ! ನಿಲ್ಲೋ!"

"ನಿಲ್ಲೋಕಾಗಲ್ಲ ಅಕ್ಕಾ!"

"ಎಣ್ಣೆ ಹಾಕಿದ್ದೀನಿ ಅಂತ ಅವಾಗಿಂದ ಬಡ್ಕೊಳ್ತಿದ್ದೀನಲ್ಲೋ!"

ಅವನು ಇನ್ನೂ ನಾಲ್ಕು ಹೆಜ್ಜೆ ಓಡಿದ. ಆಮೇಲೆ ಮಾತು ಒಳಗೆ ಇಳಿದಿರಬೇಕು, ನಿಂತ. ತಿರುಗಿ ಅವಳನ್ನು ನೋಡಿದ. ಆಕಾಶ ನೋಡಿದ.

"ಹೌದಲ್ಲ," ಎಂದ.

ಇಬ್ಬರೂ ದಾರಿಯ ಮಧ್ಯೆ ನಿಂತು ನಗತೊಡಗಿದರು. ನಗು ನಿಲ್ಲಿಸಲು ಅವಳು ಬೇಲಿಯ ಗೂಟ ಹಿಡಿದುಕೊಳ್ಳಬೇಕಾಯಿತು. ಕಣ್ಣಲ್ಲಿ ನೀರು ಬಂದದ್ದು ನಗುವಿಗೋ ಮತ್ತೊಂದಕ್ಕೋ ಅವಳಿಗೇ ತಿಳಿಯಲಿಲ್ಲ.

ಗಂಡ ಖಾಲಿ ದೋಣಿಯನ್ನು ದಡಕ್ಕೆ ತಂದು ಎಂಜಿನ್ ಆರಿಸಿದ. ಹೆಂಡತಿ ಮತ್ತು ಫಿಟ್ಟರ್ ಸಾಲಾಗಿ ನಿಂತಿರುವುದನ್ನು ಕಂಡು, ಸಿಕ್ಕಿಬಿದ್ದವನಂತೆ, ಬೇಡದ ಕಡೆಯೆಲ್ಲ ಹಗ್ಗ ಸುತ್ತುತ್ತಾ ಹೊತ್ತು ಕಳೆದ.

"ಮಕ್ಕಳು?" ಎಂದಳು.

"ಶಾಲೆಯಲ್ಲಿ. ಇನ್ನೆಲ್ಲಿರ್ತಾರೆ?"

"ಹೊಸದಕ್ಕೇನಾಗಿತ್ತು ಯಜಮಾನ್ರೇ?" ಎಂದ ನಿಧಾನಿ.

"ಏನೂ ಆಗಿಲ್ಲ. ಅದೇ ಕಷ್ಟ. ಮೊದಲನೇ ಟ್ರಿಪ್ಪು ಖಾಲಿ ಹೋಗಿ ಬಂದೆ. ಈ ಗರಗಸದ ಗದ್ದಲದಲ್ಲಿ ಅದು ಓಡ್ತಿದೆಯೋ ಸತ್ತಿದೆಯೋ ಗೊತ್ತಾಗಲ್ಲ ಕಣಯ್ಯ. ಸದ್ದಿಲ್ಲ, ಹೊಗೆಯಿಲ್ಲ. ನಿಂತೋಯ್ತು ಅಂತ ಓಡ್ತಿರೋವಾಗಲೇ ಎರಡು ಸಲ ಹಗ್ಗ ಎಳೆದೆ. ಕರಕರ ಅಂತ ಬೈದು ಬಿಡ್ತು." ಅವನು ಕತ್ತು ತುರಿಸಿಕೊಂಡ. "ಮಕ್ಕಳು ಹತ್ತಿ ಕೂತ್ರು. ನನಗೆ ಧೈರ್ಯ ಬರಲಿಲ್ಲ. ಒಂದೇ ಒಂದು ದಿನ ಅಂತ ಹಳೇದನ್ನ ಕಟ್ಟಿದೆ. ಟೀಚರಮ್ಮನೂ ಒಂದು ಕಡೆ ಹಿಡಿದ್ರು."

"ಪೆಟ್ರೋಲು?"

"ಕ್ಯಾನಲ್ಲಿತ್ತಲ್ಲ."

"ಎಣ್ಣೆ?"

"ಅದಿವಳು ಹಾಕಿರ್ತಾಳ—"

ಮಾತು ಅಲ್ಲಿಗೆ ತುಂಡಾಯಿತು. ನಿನ್ನೆ ಸಂಜೆ ತಾನೇ ಹೇಳಿದ ಮಾತು, ಕಾಲು ಚಾಚಿ ಕೂತ್ಕೋ ಎಂದದ್ದು, ಅವನಿಗೆ ಈಗ ನೆನಪಾಯಿತೆಂಬುದು ಮುಖದಲ್ಲೇ ಕಂಡಿತು. ಬಾಯಿ ತೆರೆದೇ ಇತ್ತು. ದೋಣಿಯ ಹಲಗೆಗಳ ಕಡೆ ನೋಡಿದ. ಹನ್ನೆರಡು ಮಕ್ಕಳು ಕೂತಿದ್ದ ಹಲಗೆಗಳು, ಒಂದರ ಮೇಲೆ ಯಾರೋ ಬಿಟ್ಟುಹೋಗಿದ್ದ ಪೆನ್ಸಿಲು. ಹಲಗೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತ. ಅವನ ಮುಖದಿಂದ ರಕ್ತ ಇಳಿದುಹೋದದ್ದನ್ನು ಕಂಡು, ಇನ್ನಷ್ಟು ಆಟ ಆಡಿಸಬೇಕೆಂದಿದ್ದ ಅವಳಿಗೆ ಮನಸ್ಸಾಗಲಿಲ್ಲ.

"ಹಾಕಿದ್ದೆ ರೀ," ಎಂದಳು. "ಮರೆತು ಹಾಕಿದ್ದೆ. ಎರಡು ಲೋಟ."

ಅವನು ತಲೆಯೆತ್ತಿದ. "ಹಾಕ್ಬೇಡ ಅಂದಿದ್ವಲ್ಲೇ."

"ಅಂದಿದ್ರಿ. ಹಳೇದು ಇನ್ನು ಬೇಡ ಅಂತ ನಿಮಗೂ ಅಂದಿದ್ರು."

"ನೋಡಿ," ಎಂದ ನಿಧಾನಿ, ಎಂದಿನ ನಿಧಾನಕ್ಕೆ ಮರಳಿ. "ಇಬ್ಬರೂ ನನ್ನ ಮಾತು ಕೇಳಿದ್ದಿದ್ರೆ ಏನೂ ತೊಂದರೆ ಇರಲಿಲ್ಲ. ಇಬ್ಬರೂ ಕೇಳಲಿಲ್ಲ, ಅದಕ್ಕೂ ತೊಂದರೆ ಆಗಲಿಲ್ಲ. ಅಕ್ಕ ಒಬ್ಬರು ಕೇಳಿ, ನೀವು ಕೇಳದೇ ಇದ್ದಿದ್ರೆ..."

ಗಂಡ ಎದ್ದು ತಾನಾಗಿಯೇ ಹಳೆಯದರ ತಿರುಪುಗಳನ್ನು ಸಡಿಲಿಸಿದ. ಹೊಸದನ್ನು ಗುಡಿಸಲಿನಿಂದ ತಂದು ಕೂರಿಸಲು ಮೂರು ಜನವೂ ಬೇಕಾಯಿತು. ನಿಧಾನಿ ಪಕ್ಕದ ಮುಚ್ಚಳ ತೆರೆದು ತಳದಿಂದ ಒಂದು ಉದ್ದನೆಯ ಕಡ್ಡಿ ಎಳೆದು ತೋರಿಸಿದ. ಕಡ್ಡಿಯಲ್ಲಿ ಎರಡು ಸಣ್ಣ ಗೆರೆ, ಎಣ್ಣೆ ಯಾವಾಗಲೂ ಆ ಎರಡರ ಮಧ್ಯೆ ಇರಬೇಕು. ಬೆಳಿಗ್ಗೆ ಬೆಳಿಗ್ಗೆ ನೋಡಬೇಕು.

"ನಿನ್ನೆಯೂ ಇದನ್ನ ಹೇಳ್ದೆ," ಎಂದ.

"ಎಲ್ಲಿ ಗೆರೆ?" ಎಂದು ಗಂಡ ಕಡ್ಡಿಯನ್ನು ದೂರ ಹಿಡಿದ, ಹತ್ತಿರ ಹಿಡಿದ. "ನನ್ನ ಕಣ್ಣಿಗೆ ಕಾಣಲ್ಲಪ್ಪ ಇದೆಲ್ಲ."

ಅವಳು ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡು, ಬಟ್ಟೆಯಲ್ಲಿ ಒರೆಸಿ, ಒಳಗಿಳಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿದಳು. "ಇದೆ. ಮೇಲಿನ ಗೆರೆಗೆ ಒಂದು ಕೂದಲೆಳೆ ಕಡಿಮೆ," ಎಂದಳು.

ಆಚೆ ದಡದಿಂದ ಯಾರೋ ಕೈಬೀಸಿ ಕೂಗುತ್ತಿದ್ದರು. ಅವನು ಹಗ್ಗ ಎಳೆದ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ಎದ್ದಿತೇ ಎಂದು ಮೂವರೂ ಬಗ್ಗಿ ನೋಡಿದರು. ಅಂಗೈ ಇಟ್ಟರೆ ಸಣ್ಣ ನಡುಕ ಸಿಗುತ್ತಿತ್ತು.

"ಬಾ," ಎಂದ ಅವಳಿಗೆ. "ಒಂದು ಸಲ ಜೊತೆಗೆ ಬಾ. ಕೈ ಇಟ್ಕೊಂಡು ಕೂತಿರು. ನಿಂತ್ರೆ ಹೇಳು."

"ಒಲೆ ಏನಾಗಿದೆಯೋ ನೋಡ್ಬೇಕು ರೀ."

"ನಾನು ನೋಡ್ತೀನಿ ಹೋಗಿ ಅಕ್ಕಾ," ಎಂದ ನಿಧಾನಿ.

"ನೀನು ಹೋಗಿ ಸೇರೋ ಹೊತ್ತಿಗೆ ಮನೆ ಬೂದಿಯಾಗಿರುತ್ತೆ," ಎಂದಳು. ಆದರೂ ಕಾಲು ನೆನೆಯದ ಹಾಗೆ ಹುಷಾರಾಗಿ ದೋಣಿ ಹತ್ತಿದಳು.

ದಡ ಬಿಟ್ಟರು. ಗರಗಸ ಮತ್ತೆ ಶುರುವಾಗಿತ್ತು, ಹಿಂದೆ ಹಿಂದೆ ಸರಿದು ನೊಣದ ಸದ್ದಾಯಿತು. ಅವಳು ಎಂಜಿನ್ನಿನ ತಲೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು.

"ಓಡ್ತಿದೆಯೇನೇ?" ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದ.

"ಓಡ್ತಿದೆ. ಯಾಕ್ರೀ ಹಾಗೆ ಕಿರುಚ್ತೀರಿ, ಪಕ್ಕದಲ್ಲೇ ಇದ್ದೀನಲ್ಲ."

ಅವನು ಸುತ್ತ ನೋಡಿದ. ದೋಣಿಯ ಮೂತಿ ನೀರು ಸೀಳುವ ಸದ್ದು ಕೇಳುತ್ತಿತ್ತು, ಜೊಂಡು ಒಂದಕ್ಕೊಂದು ಉಜ್ಜುವುದೂ ಕೇಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಮನೆಯೊಳಗೆ ಮಾತಾಡುವ ದನಿಯಲ್ಲಿ, "ಓಡ್ತಿದೆಯಾ?" ಎಂದು ಮತ್ತೆ ಕೇಳಿದ.

ನಡುಗಡ್ಡೆಯ ತುದಿಯಲ್ಲಿ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ದೋಣಿ ಅದರ ಎದುರಿಗೇ ಹಾದುಹೋಯಿತು. ಅದು ಹಾರಲಿಲ್ಲ. ಕತ್ತು ಸ್ವಲ್ಪ ಈ ಕಡೆ ತಿರುಗಿಸಿ, ಇಬ್ಬರನ್ನೂ ನೋಡಿ, ಮತ್ತೆ ನೀರಿನ ಕಡೆ ಬಗ್ಗಿತು.